ರಗತಬಂದಿ ತರಲು ಹೋದ ದಾರಿ

ರಗತಬಂದಿಯ ವಿರುದ್ಧ ನಾನು ಮೂರು ಸಲ ವೇದಿಕೆ ಹತ್ತಿ ಮಾತಾಡಿದ್ದೇನೆ. ಮೂರು ಸಲವೂ ಗೆದ್ದಿದ್ದೇನೆ. ಒಮ್ಮೆ ಆಳಂದದ ಕಾಲೇಜಿನಲ್ಲಿ, ಒಮ್ಮೆ ಅಫಜಲಪುರದಲ್ಲಿ, ಕೊನೆಯ ಸಲ ಜೇವರ್ಗಿಯಲ್ಲಿ. ಚರ್ಚೆಯ ವಿಷಯ ಪ್ರತಿ ಸಲ ಬೇರೆಯೇ ಇರುತ್ತಿತ್ತು. ಆದರೆ ಎಲ್ಲಿಂದ ಹೊರಟರೂ ನಾನು ನಮ್ಮೂರ ಗುಡ್ಡದ ಆ ಬಳ್ಳಿಗೇ ಬಂದು ಮುಟ್ಟುತ್ತಿದ್ದೆ. ಜೇವರ್ಗಿಯಲ್ಲಿ ತೀರ್ಪುಗಾರರೊಬ್ಬರು, ‘ಈ ಹುಡುಗಿಯ ಬಾಯಲ್ಲಿರುವುದು ನಾಲಿಗೆಯಲ್ಲ, ಕುಡಗೋಲು’ ಎಂದರು. ಬಸ್ಸಿನಲ್ಲಿ ಊರಿಗೆ ಬರುವವರೆಗೆ ಆ ಮಾತನ್ನು ಬೆಲ್ಲದ ಹಾಗೆ ಚಪ್ಪರಿಸಿದೆ. ಇದು ಎಂಬತ್ತರ ದಶಕ ಮುಗಿಯುತ್ತ ಬಂದಾಗಿನ ಮಾತು. ನನಗೆ ಹದಿನೆಂಟು ತುಂಬಿರಲಿಲ್ಲ.

ನಮ್ಮೂರು ನಿಂಬರ್ಗಾದ ಹತ್ತಿರ. ಸುತ್ತ ತೊಗರಿ, ಜೋಳದ ಕರಿಹೊಲ. ಒಂದು ಮಗ್ಗುಲಲ್ಲಿ ಮಾತ್ರ ನೆಲ ಎದ್ದು ಕಲ್ಲುಗುಡ್ಡವಾಗಿದೆ, ಅದರ ಹಿಂದಿನ ಇಳಿಜಾರಿನಲ್ಲಿ ಮುತ್ತಲ, ಕಾರೆ, ಬಾರಿ ಒತ್ತಾಗಿ ಬೆಳೆದ ಅಡವಿ. ಅಲ್ಲಿ ಮುತ್ತಲ ಗಿಡದ ಬುಡದ ನೆರಳಲ್ಲಿ ರಗತಬಂದಿ ನೆಲಕ್ಕಂಟಿ ಹರಿಯುತ್ತದೆ. ಎಲೆ ಆಡಿನ ಮರಿಯ ಕಿವಿಯಷ್ಟು. ಮೇಲೆ ಹಸಿರು, ಕೆಳಗೆ ಬದನೆಕಾಯಿ ಬಣ್ಣ. ಹಿಂಡಿದರೆ ಅಂಟಂಟಾದ ರಸ ಬಂದು ಗಾಳಿ ತಾಕುತ್ತಲೇ ಕಪ್ಪಾಗುತ್ತದೆ, ತುಕ್ಕು ಹಿಡಿದ ಕೊಡದ ವಾಸನೆ. ಕೊಡಲಿ ಏಟಿಗೆ, ಕುಡಗೋಲು ಕೊಯ್ದ ಬೆರಳಿಗೆ, ನೊಗ ಉಜ್ಜಿ ಹರಿದ ಎತ್ತಿನ ಹೆಗಲಿಗೆ, ಬಾಣಂತಿಯ ರಕ್ತ ನಿಲ್ಲದಿದ್ದರೆ ಕಷಾಯಕ್ಕೆ, ಎಲ್ಲಕ್ಕೂ ಅದೇ.

ಗಿಡದ ಬಗ್ಗೆ ನನಗೆ ಸಿಟ್ಟಿರಲಿಲ್ಲ. ಅದರ ಕಟ್ಟಳೆಗಳ ಮೇಲೆ ಸಿಟ್ಟು. ಕಬ್ಬಿಣ ತಾಗಿಸಬಾರದು, ಉಗುರಿನಿಂದಲೇ ಚಿವುಟಬೇಕು. ತರಲು ಹೋಗುವವರು ಮನೆಯ ಹೊಸ್ತಿಲಲ್ಲೇ ನಾಲಿಗೆಯ ಕೆಳಗೆ ಒಂದು ಹರಳು ಇಟ್ಟುಕೊಂಡು, ತಂದ ಎಲೆಯನ್ನು ಗಾಯಕ್ಕೆ ಕಟ್ಟುವ ತನಕ ಒಂದು ಮಾತೂ ಆಡಬಾರದು. ಆಡಿದರೆ ಔಷಧ ಹೋಗಿ ಬರೀ ಸೊಪ್ಪಾಗುತ್ತದೆ.

‘ಯಾಕ?’ ಎಂದು ಆಯಿಯನ್ನು ಕೇಳಿದ್ದೆ. ಆಯಿ ಅಂದರೆ ಅಪ್ಪನ ಅವ್ವ.

‘ತರಾಂವನ ಬಾಯಿ ತೆರದಿದ್ರ ಗಾಯದ ಬಾಯಿ ಹ್ಯಾಂಗ ಮುಚ್ಚೀತು?’

‘ಎತ್ತಿನ ಹೆಗಲಿಗೆ ತರಾಗರೆ ಮಾತಾಡ್ಬಹುದೇನು?’

‘ಎತ್ತಿನ ಮೈಯಾಗ ಹರಿಯೋದು ನೀರೇನಬೇ?’

‘ಮತ್ತ ಹುಟ್ಟಾ ಮೂಕ ಇದ್ದಾಂವಗ ಹರಳು ಬೇಕೋ ಬ್ಯಾಡೋ?’

ಆಯಿ ಕುಟ್ಟುತ್ತಿದ್ದ ಎಲೆಅಡಿಕೆ ನಿಲ್ಲಿಸಿ ನನ್ನ ಮುಖ ನೋಡಿದಳು. ‘ನೀ ಮೂಕಿ ಆಗಿ ಹುಟ್ಟಿದ್ರ ಈ ಮನಿಗೆ ಎಷ್ಟ ಪುಣ್ಯ ಬರ್ತಿತ್ತು!’

ವಾದಕ್ಕೆ ಪುರಾವೆ ಬೇಕು ಎಂದು ನಮ್ಮ ಮೇಷ್ಟ್ರು ಕಲಿಸಿದ್ದರು. ಬೇಸಿಗೆ ರಜೆಯ ಮುಂಚೆ ಒಂದು ದಿನ ನಾನು ಅಡವಿಗೆ ಹೋದೆ. ಬಾಯಲ್ಲಿ ಹರಳಿಲ್ಲ. ಹೋಗುವಾಗ ಹದಿಮೂರರ ಮಗ್ಗಿ, ಬರುವಾಗ ಹದಿನೇಳರದು, ಗಂಟಲು ಹರಿಯುವ ಹಾಗೆ ಒದರುತ್ತ ಬಂದೆ. ಕುರಿಯವನೊಬ್ಬ ದಾರಿಯಲ್ಲಿ ಬಿದ್ದು ಬಿದ್ದು ನಕ್ಕ. ಹಿತ್ತಲಿಗೆ ಬಂದು ಅಪ್ಪನ ಗಡ್ಡದ ಬ್ಲೇಡಿನಿಂದ ಎರಡೂ ಮುಂಗೈಯ ಹಿಂಬದಿಯಲ್ಲಿ ಒಂದೊಂದು ಗೀರು ಎಳೆದೆ. ಗೀರು ಅಂದುಕೊಂಡದ್ದು ಚರ್ಮ ಬಾಯ್ಬಿಡುವಷ್ಟು ಇಳಿಯಿತು. ಎಡಗೈಗೆ ಎಲೆ ಜಜ್ಜಿ ಬಟ್ಟೆ ಸುತ್ತಿದೆ, ಬಲಗೈಗೆ ಬರೀ ಬಟ್ಟೆ. ಎಡಗೈ ರಕ್ತ ನೂರು ಎಣಿಸುವುದರಲ್ಲಿ ನಿಂತಿತು. ಬಲಗೈಯದು ಬಟ್ಟೆ ತೊಯ್ದು ಲಂಗಕ್ಕೆ ಇಳಿಯಿತು.

ಅಂದರೆ ಎಲೆ ಕೆಲಸ ಮಾಡುತ್ತದೆ, ಮೌನದ ಅಗತ್ಯ ಇಲ್ಲ. ಎರಡೂ ಒಂದೇ ಪ್ರಯೋಗದಲ್ಲಿ ಸಿದ್ಧವಾದವು. ಊಟಕ್ಕೆ ಕೂತಾಗ ಎರಡೂ ಕೈ ಚಾಚಿ ಮನೆಯವರಿಗೆಲ್ಲ ವಿವರಿಸಿದೆ. ಅಪ್ಪ ಕೈ ತೊಳೆದು ಎದ್ದು, ಗೂಟಕ್ಕಿದ್ದ ಬಾರಕೋಲು ತಂದು, ಬೆನ್ನು, ತೊಡೆ, ಮೀನಖಂಡ ಎನ್ನದೆ ಬಾರಿಸಿದ. ನಾನು ‘ಇದು ಉತ್ತರ ಅಲ್ಲ, ಇದು ಉತ್ತರ ಅಲ್ಲ’ ಎಂದು ಕಿರುಚುತ್ತಿದ್ದೆ. ಅಣ್ಣ ನಡುವೆ ಬಂದು ಎರಡೇಟು ತಾನು ತಿಂದು ಕೋಲು ಕಸಿದುಕೊಂಡ.

ಅಣ್ಣ ನನಗಿಂತ ಆರು ವರ್ಷ ದೊಡ್ಡವನು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಒಕ್ಕಲುತನಕ್ಕೆ ಇಳಿದವನು. ನನ್ನ ಭಾಷಣಗಳನ್ನೆಲ್ಲ ಮೊದಲು ಅವನ ಮುಂದೆ ಒಪ್ಪಿಸುತ್ತಿದ್ದೆ. ಅವನು ಎತ್ತಿಗೆ ಹೂಡುವ ಕುಂಟಿಗೆ ಹಗ್ಗ ಬಿಗಿಯುತ್ತ ಕೇಳುತ್ತಿದ್ದ, ಕೊನೆಗೆ ಯಾವಾಗಲೂ ಒಂದೇ ತೀರ್ಪು: ‘ನಿನ್ನ ಮಾತು ಖರೇ ಅದ. ಆದ್ರ ನೀ ಖರೇ ಇಲ್ಲ.’ ರಗತಬಂದಿಯನ್ನು ಅವನು ಮನಸಾರೆ ನಂಬುತ್ತಿದ್ದ. ಅಡವಿಯಲ್ಲಿ ಅದರ ಮೇಲೆ ಯಾರಾದರೂ ಕಾಲಿಟ್ಟರೂ ಬೈಯುತ್ತಿದ್ದ. ಬೆಳಿಗ್ಗೆ ಐದಕ್ಕೆ ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಬಸ್ಸಿಗೆ ಬಿಟ್ಟು ಬರುತ್ತಿದ್ದವನೂ ಅವನೇ, ಅದೇ ಗಿಡದ ವಿರುದ್ಧ ಮಾತಾಡಲು ಹೋಗುತ್ತಿದ್ದೇನೆಂದು ಗೊತ್ತಿದ್ದೂ.

ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ ಸೋದರತ್ತೆಯದು. ಅವಳ ಮಗ, ನಮ್ಮ ಅಣ್ಣನ ಓರಗೆಯವನು, ಆ ವರ್ಷ ತೊಗರಿ ಹೂ ಬಿಟ್ಟ ಹೊತ್ತಿಗೆ ಸೊಲ್ಲಾಪುರದ ಕಡೆಯ ಒಬ್ಬ ವ್ಯಾಪಾರಿಗೆ ರಗತಬಂದಿಯ ಬೇರು ಕೊಡುವುದಾಗಿ ಒಪ್ಪಿಕೊಂಡ. ಬೇರು ಒಣಗಿಸಿ ಪುಡಿ ಮಾಡಿ ಡಬ್ಬಿಯಲ್ಲಿ ಹಾಕುತ್ತಾರಂತೆ. ಗುದ್ದಲಿ ತಗೊಂಡು ಹೋಗಿ ಎರಡು ದಿನ ಅಗೆದು, ಗಾಡಿ ತುಂಬ ಬಳ್ಳಿ ತಂದು ಅಂಗಳದಲ್ಲಿ ಕೆಡವಿದ. ಮೂರನೆಯ ದಿನ ಮುಂಜಾನೆ, ನನಗೆ ದೀಪಾವಳಿ ರಜೆ ಇತ್ತು, ಅವನು ಕಟ್ಟಿಗೆಯ ದಿಮ್ಮಿಯ ಮೇಲೆ ಬಳ್ಳಿ ಇಟ್ಟು ಕೊಡಲಿಯಿಂದ ಬೇರು ಬೇರೆ, ಎಲೆ ಬೇರೆ ಕಡಿಯುತ್ತ ಕೂತಿದ್ದ.

ಅಣ್ಣ ಹೊಲದಿಂದ ಬಂದವನು ಅದನ್ನು ನೋಡಿ ಓಣಿಯಲ್ಲೇ ನಿಂತ. ‘ಏನ್ ಮಾಡಾಕತ್ತಿಲೇ?’

‘ಕಾಣಸೂದಿಲ್ಲೇನು? ಕಣ್ಣಿಗೂ ಸೊಪ್ಪ ಹಚ್ಚಲೇನು?’

‘ಕಬ್ಬಿಣ ಹಚ್ಚೀದಿ ಅದಕ್ಕ.’

‘ನಿನ್ನ ತಂಗೀನ ಹೇಳ್ತಾಳಲ್ಲೋ, ಎಲ್ಲಾ ಸುಳ್ಳಂತ. ಆಕೀನ ಕೇಳು. ಬಹುಮಾನ ತಂದಾಳ.’

ಹೊಸ್ತಿಲಲ್ಲಿ ನಿಂತಿದ್ದ ನನ್ನನ್ನು ತೋರಿಸಿ ಅವನು ನಕ್ಕ. ಅಣ್ಣ ಹೋದವನೇ ಅವನ ಬಾಯಿಗೆ ಗುದ್ದಿದ. ಮೊದಲು ಕೈ ಮಾಡಿದವನು ನಮ್ಮ ಅಣ್ಣ, ಇದನ್ನು ಬಚ್ಚಿಡುವುದಿಲ್ಲ. ಹಲ್ಲು ಮುರಿದ ಸದ್ದು ನನಗೆ ಕೇಳಿಸಿತು. ಸೋದರತ್ತೆಯ ಮಗ ಹಿಂದಕ್ಕೆ ಬಿದ್ದ, ಅಣ್ಣ ಅವನ ಎದೆಯ ಮೇಲೆ ಮೊಣಕಾಲೂರಿ ಮತ್ತೆ ಗುದ್ದಿದ, ಮತ್ತೆ. ಮೂಗು ಚಪ್ಪಟೆಯಾಯಿತು. ಕೆಳಗಿದ್ದವನ ಕೈ ನೆಲದ ಮೇಲೆ ತಡವರಿಸುತ್ತಿತ್ತು. ಅದಕ್ಕೆ ಸಿಕ್ಕಿದ್ದು ಕೊಡಲಿ. ಅವನು ನೋಡಿ ಬೀಸಲಿಲ್ಲ, ಬೀಸಲು ಜಾಗವೂ ಇರಲಿಲ್ಲ. ಆದರೂ ಅಣ್ಣನ ಬಲಗೈಗೆ, ಮೊಣಕೈಯಿಂದ ನಾಲ್ಕು ಬೆರಳು ಮೇಲೆ, ಅದು ಮೂಳೆಯ ತನಕ ಇಳಿಯಿತು. ರಕ್ತ ಸೋರಲಿಲ್ಲ, ಚಿಮ್ಮಿತು. ನನ್ನ ಲಂಗದ ಮೇಲೆ, ಗೋಡೆಯ ಸುಣ್ಣದ ಮೇಲೆ, ಆ ಎಲೆಯ ರಾಶಿಯ ಮೇಲೆ.

ಅವ್ವ ಓಡಿ ಬಂದು ಸೀರೆಯ ಸೆರಗು ಒತ್ತಿ ಹಿಡಿದಳು. ಯಾರೋ ಗಾಯದ ಮೇಲುಗಡೆ ಎತ್ತಿನ ಹಗ್ಗ ಬಿಗಿದರು. ಸೆರಗು ತೊಯ್ದು ಅವಳ ಬೆರಳ ಸಂದಿಯಿಂದ ಕೆಳಗಿಳಿಯುತ್ತಿತ್ತು.

‘ಅವ್ವಾ, ಇಲ್ಲೇ ಅದ, ಇಷ್ಟ ಅದ!’ ಎಂದು ನಾನು ರಾಶಿಯಿಂದ ಎರಡು ಹಿಡಿ ಎಲೆ ತಂದೆ. ಅವ್ವ ನನ್ನ ಕೈಗೆ ಒದ್ದಳು.

‘ಕಬ್ಬಿಣ ಹತ್ತಿದ್ದು ಕಟ್ಟಿ ಕೊಲ್ಲಬೇಕಂತೀಯೇನ ರಂಡೆ? ಗುಡ್ಡಕ್ಕ ಓಡು!’ ಅಂಗಳದ ಹರಳೊಂದನ್ನು ಎತ್ತಿ, ನನ್ನ ದವಡೆ ಹಿಸುಕಿ, ನಾಲಿಗೆಯ ಕೆಳಗೆ ತುರುಕಿದಳು. ಅವಳ ಬೆರಳಿನ ರಕ್ತದ ರುಚಿ ಬಾಯಿಗೆ ಬಂತು. ‘ದಾರಿಯಾಗ ಬಾಯಿ ಬಿಟ್ಟಿ ಅಂದ್ರ ನಿಮ್ಮಣ್ಣನ ಹೆಣಾನ ನೋಡ್ತಿ.’

ನಾನು ಓಡಿದೆ.

ಹೋಗಿ ಬರಲು ಒಂದು ತಾಸಿನ ದಾರಿ. ಗುಡ್ಡದ ಹಿಂದೆ ಅಗೆದ ಗುಣಿಗಳೇ ಗುಣಿಗಳು. ಕಾರೆಯ ಮುಳ್ಳಿನ ಸಂದಿಯಲ್ಲಿ ಗುದ್ದಲಿಗೆ ಎಟುಕದೆ ಉಳಿದ ಒಂದು ಬಳ್ಳಿ ಸಿಕ್ಕಿತು. ಉಗುರಿನಿಂದ ಚಿವುಟಿ ಉಡಿಗೆ ಹಾಕಿಕೊಂಡು ತಿರುಗಿದೆ. ಬಂಡಿದಾರಿ ನಾಲಾ ದಾಟುವಲ್ಲಿ ಎದುರಿಗೆ ಒಂದು ಸರಕಾರಿ ಜೀಪು ಬಂತು. ಆ ದಾರಿಯಲ್ಲಿ ಜೀಪು ಕಂಡದ್ದು ನನ್ನ ಜೀವನದಲ್ಲಿ ಅದೇ ಮೊದಲು. ಊರಲ್ಲಿ ಆಗ ಫೋನಿಲ್ಲ, ದಿನಕ್ಕೆರಡೇ ಬಸ್ಸು, ಮುಂಜಾನೆಯದು ಹೋಗಿಯಾಗಿತ್ತು.

ಜೀಪು ನನ್ನ ಬಾಜೂ ನಿಂತಿತು. ‘ತಂಗಿ, ನಿಂಬರ್ಗಾಕ್ಕ ದಾರಿ ಇದೇ ಏನು?’ ಎಂದ ಡ್ರೈವರ್.

ನಾನು ಕೈ ತೋರಿಸಿದೆ.

ಪಕ್ಕದಲ್ಲಿ ಕೂತಿದ್ದ ಕನ್ನಡಕದವರು ನನ್ನ ಲಂಗ ನೋಡಿದರು. ‘ರಗತ ಎಲ್ಲಿಂದವ್ವಾ? ಯಾರಿಗರೆ ಪೆಟ್ಟಾಗ್ಯದೇನು?’

ಹರಳು ನಾಲಿಗೆಯ ಕೆಳಗೆ ಇತ್ತು. ಕಡಲೆಕಾಳಿಗಿಂತ ದೊಡ್ಡದಲ್ಲ. ಉಗುಳಿದ್ದರೆ ಮುಗಿಯಿತು. ಎಲೆಗೆ ಮೌನ ಬೇಕಿಲ್ಲ ಎಂದು ಆ ತಾಲೂಕಿನಲ್ಲಿ ರಕ್ತ ಹರಿಸಿ ತಿಳಿದುಕೊಂಡಿದ್ದವಳು ನಾನೊಬ್ಬಳೇ. ಮಾತು ಬೇಡವೆಂದರೆ ಕೈಸನ್ನೆಯಿತ್ತು, ಅದಕ್ಕೆ ಯಾವ ಕಟ್ಟಳೆಯೂ ಇರಲಿಲ್ಲ. ಊರ ಕಡೆ ಬೆರಳು ತೋರಿಸಿ ಅವರ ಅಂಗಿ ಹಿಡಿದು ಜಗ್ಗಿದ್ದರೂ ಸಾಕಿತ್ತು. ಇವೆಲ್ಲ ಈಗ ಬರೆಯುವಾಗ ಸಾಲಾಗಿ ಹೊಳೆಯುತ್ತವೆ. ಆಗ ಹೊಳೆದದ್ದು ಅವ್ವನ ಒಂದೇ ಮಾತು. ನಾನು ತುಟಿ ಬಿಗಿದು, ಇಲ್ಲ ಎಂದು ತಲೆಯಾಡಿಸಿದೆ.

‘ಮೂಕಿ ಇದ್ದಂಗದ ಬಿಡ್ರಿ ಸಾಹೇಬ್ರ,’ ಎಂದ ಡ್ರೈವರ್. ಜೀಪು ಹೋಯಿತು. ನಾನು ಊರ ಕಡೆ ಓಡಿದೆ.

ಎಲೆ ಕಟ್ಟಿದರು. ರಕ್ತ ನಿಂತಿತು. ನಿಂತದ್ದು ನಿಜ, ಅದನ್ನು ಅಲ್ಲಗಳೆದರೆ ನಾನು ಸುಳ್ಳಿಯಾಗುತ್ತೇನೆ. ಸಂಜೆಯ ಬಸ್ಸಿಗೆ ಆಳಂದದ ದವಾಖಾನೆಗೆ ಒಯ್ಯೋಣ ಎಂದದ್ದಕ್ಕೆ ಹಿರಿಯರು ಬೇಡವೆಂದರು. ಕೊಡಲಿ ಗಾಯ, ಪೊಲೀಸರು ಬರುತ್ತಾರೆ, ಎರಡೂ ಮನೆಯವರು ಕೋರ್ಟು ತಿರುಗಬೇಕು. ‘ರಗತ ನಿಂತದಲ್ಲ, ಇನ್ನೇನು?’ ಅಲ್ಲದೆ ಕಟ್ಟಿದ ರಗತಬಂದಿ ಮರುದಿನ ಹೊತ್ತು ಮೂಡುವ ತನಕ ಬಿಚ್ಚಬಾರದು, ಅದೂ ಕಟ್ಟಳೆ. ಎಲೆಯ ಜೊತೆ ಹಗ್ಗವನ್ನೂ ಯಾರೂ ಬಿಚ್ಚಲಿಲ್ಲ.

ಬೆಳಿಗ್ಗೆ ಬಿಚ್ಚಿದಾಗ ಗಾಯ ಒಣಗಿತ್ತು. ಅದರ ಕೆಳಗಿನ ಕೈ ಉಬ್ಬಿ, ಬೆರಳು ನೇರಳೆ ಹಣ್ಣಿನಂತಾಗಿದ್ದವು. ಬೆರಳು ಚಿವುಟಿದರೆ ಅಣ್ಣನಿಗೆ ಗೊತ್ತಾಗುತ್ತಿರಲಿಲ್ಲ. ಆಳಂದಕ್ಕೆ, ಅಲ್ಲಿಂದ ಗುಲಬರ್ಗಾಕ್ಕೆ. ಅಲ್ಲಿ ಮೊಣಕೈಯ ಮೇಲಿಂದ ಕತ್ತರಿಸಿ ತೆಗೆದರು. ಡಾಕ್ಟರು ಅಪ್ಪನಿಗೆ ಬೈದರು: ‘ನಿನ್ನೆ ಮಧ್ಯಾಹ್ನದೊಳಗೆ ತಂದಿದ್ದರೆ ಕೈ ಉಳೀತಿತ್ತಲ್ಲರಿ. ಹಿಂಗ ಹಗ್ಗ ಬಿಗಿದು ರಾತ್ರಿಯೆಲ್ಲ ಕೂತ್ರಾ?’ ಅಪ್ಪ ಗೋಡೆಗೆ ಹಣೆ ಜಜ್ಜಿಕೊಂಡ. ನಾನು ಪಕ್ಕದಲ್ಲಿ ನಿಂತಿದ್ದೆ. ಆಗಲೂ ಜೀಪಿನ ಮಾತು ಹೇಳಲಿಲ್ಲ.

ನನ್ನ ಪರವಾಗಿ ನಾನೇ ವಾದಿಸಿಕೊಂಡಿದ್ದೇನೆ. ಜೀಪು ಊರಿಗೆ ಬಂದಿದ್ದರೂ ಹಿರಿಯರು ಕಳಿಸುತ್ತಿದ್ದರೇ? ಪೊಲೀಸರ ಭಯ ಆಗಲೂ ಇತ್ತಲ್ಲ? ಒಳ್ಳೆಯ ವಾದ. ಜೇವರ್ಗಿಯಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಆದರೆ ಎದುರಾಳಿಯ ಕಡೆ ನಿಂತು ನೋಡಿದರೆ ಅದು ನಿಲ್ಲುವುದಿಲ್ಲ. ಜೀಪು ಊರು ಮುಟ್ಟುವಾಗ ರಕ್ತ ಇನ್ನೂ ನಿಂತಿರುತ್ತಿರಲಿಲ್ಲ. ನಿಲ್ಲದ ರಕ್ತದ ಮುಂದೆ ಪೊಲೀಸರನ್ನು ಯಾರು ನೆನೆಯುತ್ತಾರೆ?

ಊರಿನವರಿಗೆ ನಾನು ಪುರಾವೆಯಾಗಿಬಿಟ್ಟೆ. ‘ಕಾಲೇಜ್ ಕಲ್ತಾಕಿ ಸುದ್ದಾ ಬಾಯಿ ಮುಚ್ಚಿ ತಂದ್ಲು ನೋಡು, ಅದಕ್ಕ ಹುಡುಗನ ಜೀವ ಉಳೀತು.’ ಆಯಿ ನನ್ನ ಹಣೆಗೆ ವಿಭೂತಿ ಹಚ್ಚಿ ಲಟಿಕೆ ಮುರಿದಳು. ಅಣ್ಣನೂ ಚೇಷ್ಟೆ ಮಾಡಿದ: ‘ಮೂರು ಸಲ ಗೆದ್ದಾಕಿ ನಾಕನೇ ಸಲಕ್ಕ ಸೋತಿ ನೋಡು. ಅದೂ ನನ್ನ ಸಲುವಾಗಿ.’ ನಾನು ಚರ್ಚಾಸ್ಪರ್ಧೆಗೆ ಹೋಗುವುದು ಬಿಟ್ಟೆ. ಯಾಕೆಂದು ಕೇಳಿದರೆ ಪರೀಕ್ಷೆ ಅದ ಎನ್ನುತ್ತಿದ್ದೆ.

ಅಣ್ಣನ ಚೇಷ್ಟೆ ಹೆಚ್ಚು ದಿನ ಉಳಿಯಲಿಲ್ಲ. ಪಂಚರು ಕೂತು ಎರಡೂ ಮನೆಗೆ ರಾಜಿ ಮಾಡಿಸಿದರು. ಅಣ್ಣ ರಾಜಿಯಾಗಲಿಲ್ಲ. ಹಿತ್ತಲಿನ ಜಾಲಿಯ ಬೊಡ್ಡೆಯ ಮುಂದೆ ನಿಂತು ದಿನಾ ಎಡಗೈಯಿಂದ ಕೊಡಲಿ ಬೀಸುವುದನ್ನು ರೂಢಿಸಿಕೊಂಡ. ಮೊದಲು ಏಟು ಅಡ್ಡಾದಿಡ್ಡಿ ಬೀಳುತ್ತಿದ್ದವು. ಬೇಸಿಗೆ ಮುಗಿಯುವಷ್ಟರಲ್ಲಿ ಒಂದೇ ಗಾಯದಲ್ಲಿ ಬೀಳತೊಡಗಿದವು. ಗೋಡೆಯ ಆಚೆ ಸೋದರತ್ತೆಯ ಮಗನಿಗೆ ಕೇಳಿಸಲಿ ಎಂದೇ ಬೀಸುತ್ತಿದ್ದ. ಅವ್ವ ಊಟಕ್ಕೆ ಕರೆದರೆ, ‘ಒಂದು ಕೈಗೆ ಒಂದು ಕೈ. ಆಮ್ಯಾಲ ಊಟ’ ಎನ್ನುತ್ತಿದ್ದ.

ಮುಂಗಾರಿನ ಮಿರಗದ ಮಳೆ ಬಿದ್ದು ಹೊಲ ಹದಕ್ಕೆ ಬಂದಿದ್ದ ದಿನ. ಸೋದರತ್ತೆಯ ಮಗ ಕುಂಟಿ ಹೊಡೆಯುತ್ತಿದ್ದ. ಎತ್ತು ಯಾವುದಕ್ಕೋ ಬೆದರಿ ಓಡಿದವು, ಅವನು ಬಿದ್ದ, ಕುಂಟಿಯ ಕಬ್ಬಿಣದ ಅಲಗು ಮೀನಖಂಡವನ್ನು ಹರಿದುಕೊಂಡು ಹೋಯಿತು. ಹೊರಸಿನ ಮೇಲೆ ಹೊತ್ತು ತಂದು ಅಂಗಳದಲ್ಲಿ ಇಳಿಸಿದರು. ಮಾಂಸ ಬಿಚ್ಚಿ ಜೋತುಬಿದ್ದಿತ್ತು. ಅವನು ಆಕಳಿನ ಹಾಗೆ ಒದರುತ್ತಿದ್ದ. ಸೋದರತ್ತೆ ಎದೆ ಬಡಿದುಕೊಳ್ಳುತ್ತ ಸೊಸೆಯನ್ನು ಕರೆದಳು. ಸೊಸೆ ಕರಜಗಿಯಿಂದ ಬಂದವಳು, ಮದುವೆಯಾಗಿ ವರ್ಷವಾಗಿರಲಿಲ್ಲ. ಅವಳ ಬಾಯಿಗೆ ಹರಳು ಹಾಕಿ, ‘ಗುಡ್ಡಕ್ಕ ನಡಿಬೇ, ಉಸಿರು ಬಿಡಬ್ಯಾಡ’ ಎಂದಳು.

ಅಣ್ಣ ನಮ್ಮ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದ. ಅಂಗಿಯ ಬಲತೋಳು ಗಾಳಿಗೆ ಹಾರುತ್ತಿತ್ತು. ‘ಹರೀಲಿ,’ ಎಂದ. ‘ಪೂರಾ ಹರೀಲಿ.’

ಊರ ಬಾಯಲ್ಲಿ ಗೊಬ್ಬರದ ಚೀಲ ಇಳಿಸುತ್ತಿದ್ದ ಟೆಂಪೋ ಒಂದನ್ನು ನಾನು ಆಗಷ್ಟೇ ನೋಡಿ ಬಂದಿದ್ದೆ. ಸೊಸೆ ಅದರ ಮುಂದೆಯೇ ಬಾಯಿ ಮುಚ್ಚಿಕೊಂಡು ಓಡಿ ಹೋಗುತ್ತಾಳೆ. ನನಗೆ ಬೇರೇನೂ ಕಾಣಲಿಲ್ಲ. ಓಣಿಗೆ ಇಳಿದು ಅವಳ ರಟ್ಟೆ ಹಿಡಿದೆ. ‘ಉಗುಳು,’ ಎಂದೆ. ಅವಳು ತಲೆಯಾಡಿಸಿ ಕೊಸರಿಕೊಂಡಳು. ಅವಳನ್ನು ಗೋಡೆಗೆ ಒತ್ತಿ, ದವಡೆ ಹಿಸುಕಿ, ಬಾಯಿಗೆ ಬೆರಳು ಹಾಕಿದೆ. ಅವಳು ಕಚ್ಚಿದಳು. ತೋರುಬೆರಳಿನ ಗಣ್ಣಿನ ತನಕ ಹಲ್ಲು ಇಳಿಯಿತು. ನಾನು ಇನ್ನೊಂದು ಕೈಯಿಂದ ಅವಳ ಕೂದಲು ಹಿಡಿದು ತಲೆ ಹಿಂದಕ್ಕೆಳೆದೆ. ಹರಳು, ಉಗುಳು, ನನ್ನ ರಕ್ತ, ಎಲ್ಲ ಒಟ್ಟಿಗೆ ಹೊರಬಿದ್ದವು.

‘ಹಾದರಗಿತ್ತಿ! ನನ್ನ ಗಂಡನ್ನ ಕೊಂದಿ!’ ಎಂದು ಅವಳು ನನ್ನ ಮುಖ ಪರಚಿದಳು.

‘ಟೆಂಪೋ ನಿಂತದ, ಮೊದಲ ಅವನ್ನ ಎತ್ರಿ!’ ಎಂದು ಕಿರುಚಿದೆ. ‘ಸೊಪ್ಪು ಬೇಕಾದ್ರ ಆಮ್ಯಾಲ ತರ್ರಿ!’

ಸೋದರತ್ತೆ ಅಂಗೈಯಿಂದ ನನ್ನ ಬಾಯಿ ಮುಚ್ಚಲು ಬಂದಳು. ‘ನಿಮ್ಮಣ್ಣಗ ತರಾಗ ಬಾಯಿ ಮುಚ್ಚಿದ್ದಿ, ಈಗ ನನ್ನ ಮಗಗ ತೆರೀತೀಯೇನ?’

‘ಮುಚ್ಚಿದ್ದಕ್ಕ ಅವನ ಕೈ ಹೋತು,’ ಎಂದೆ. ‘ನಾಲಾದ ಹಂತ್ಯಾಕ ಜೀಪ್ ಬಂದಿತ್ತು. ನಿಲ್ಲಿಸಿ ಕೇಳಿದ್ರು, ಯಾರಿಗರೆ ಪೆಟ್ಟಾಗ್ಯದೇನಂತ. ನಾ ಇಲ್ಲ ಅಂತ ತಲಿ ಅಲ್ಲಾಡಿಸಿದೆ.’

ಹೊರಸಿನ ಮೇಲಿದ್ದವನು ಇನ್ನೂ ಒದರುತ್ತಿದ್ದ. ನಾಲ್ವರು ಗಂಡಸರು ಹೊರಸು ಎತ್ತಿ ಟೆಂಪೋದ ಕಡೆ ಓಡಿದರು. ಯಾರು ಹೇಳಿ ಎತ್ತಿದರೋ ಗೊತ್ತಿಲ್ಲ, ನನ್ನ ವಾದ ಕೇಳಿಯಂತೂ ಅಲ್ಲ, ಸೊಸೆ ಮಾತಾಡಿಬಿಟ್ಟಿದ್ದರಿಂದ ಗಿಡದ ಆಸೆ ಮುಗಿದಿತ್ತು.

ಅಣ್ಣ ಕಟ್ಟೆ ಇಳಿದು ಬಂದ. ಎಡಗೈಯಿಂದ ನನ್ನ ಬಲಗಿವಿಯ ಮೇಲೆ ಹೊಡೆದ. ಅಷ್ಟು ದಿನ ಕೊಡಲಿ ಬೀಸಿ ಗಟ್ಟಿಯಾದ ಕೈ. ನಾನು ಕಟ್ಟೆಯ ಕಲ್ಲಿಗೆ ಬಿದ್ದೆ. ಹೊಟ್ಟೆಗೆ ಒದ್ದ. ಅಪ್ಪ ಅವನ ನಡು ಹಿಡಿದು ಹಿಂದಕ್ಕೆಳೆಯುವ ಮೊದಲು ಇನ್ನೊಮ್ಮೆ ಒದ್ದ. ಆ ಕಿವಿ ಈಗಲೂ ಅರ್ಧ ಕೇಳಿಸುತ್ತದೆ.

‘ನನ್ನ ಕೈ ತಗದಾಂವನ ಕಾಲು ಉಳಸಾಕ ನಿನಗ ಬಾಯಿ ಬಂತೇನ?’ ಎಂದ. ಅವನು ಅಳುತ್ತಿದ್ದ. ‘ನನಗ ಒಂದು ಮಾತು ಆಡಲಿಲ್ಲಲ್ಲಬೇ!’

ಆವತ್ತು ಹೊಳೆಯದ್ದು ಏಳೆಂಟು ತಿಂಗಳ ಮೇಲೆ ಹೊಳೆಯಿತು ಎನ್ನುವುದು ಸಮಜಾಯಿಷಿ, ಉತ್ತರವಲ್ಲ.

ಸೋದರತ್ತೆಯ ಮಗ ಬದುಕಿದ. ಕಾಲು ಉಳಿಯಿತು, ಸ್ವಲ್ಪ ಎಳೆದು ನಡೆಯುತ್ತಾನೆ. ಅವನ ಹೆಂಡತಿ ನನ್ನ ಕಂಡರೆ ಮುಖ ತಿರುವುತ್ತಾಳೆ. ಅಣ್ಣ ಜಾಲಿಯ ಬೊಡ್ಡೆಯ ಹತ್ತಿರ ಹೋಗುವುದನ್ನು ನಿಲ್ಲಿಸಿದ. ಯಾಕೆಂದು ಹೇಳಲಿಲ್ಲ, ಸಿಟ್ಟು ಗೋಡೆಯ ಆಚೆಯಿಂದ ಈಚೆಗೆ ಬಂದಿತ್ತು ಎಂದು ನನ್ನ ಅಂದಾಜು. ನಾನು ಬಡಿಸಿದರೆ ಉಣ್ಣುತ್ತಿರಲಿಲ್ಲ. ನಾನಿದ್ದ ಕೋಣೆಗೆ ಬರುತ್ತಿರಲಿಲ್ಲ.

ಬಿಳಿಜೋಳದ ಕೊಯ್ಲಿಗೆ ಆಳು ಸಾಲದೆ ಒಂದು ದಿನ ನಾನೂ ಹೊಲಕ್ಕೆ ಹೋದೆ. ಅಣ್ಣ ನನ್ನ ಪಕ್ಕದ ಸಾಲಿನಲ್ಲೇ ಇದ್ದ. ದಂಟನ್ನು ಮೊಣಕಾಲಿನಿಂದ ಒತ್ತಿ ಹಿಡಿದು ಎಡಗೈಯಿಂದ ಕೊಯ್ಯುವುದನ್ನು ಕಲಿತಿದ್ದ. ಮಧ್ಯಾಹ್ನ ದಾಟಿದ ಮೇಲೆ ನನ್ನ ಕಡೆ ನೋಡದೆ ಕೇಳಿದ.

‘ಆ ಜೀಪಿನ್ಯಾಗ ಎಷ್ಟ ಮಂದಿ ಇದ್ರು?’

‘ಇಬ್ರು.’

‘ಹಿಂದ?’

ತುಂಬಿತ್ತು ಎಂದು ಹೇಳಬಹುದಿತ್ತು. ಸಿಮೆಂಟಿನ ಚೀಲ ಇದ್ದವು, ಮಂದಿ ಜೋತುಬಿದ್ದಿದ್ದರು, ಏನು ಬೇಕಾದರೂ. ಯಾರೂ ಸಾಕ್ಷಿ ಇರಲಿಲ್ಲ. ಅವನು ಕಾಯುತ್ತಿದ್ದ.

‘ಖಾಲಿ ಇತ್ತು,’ ಎಂದೆ.

‘ಮಲಗಿಸೋವಷ್ಟು?’

‘ಹೂಂ.’

ಅವನ ಕೈಯಲ್ಲಿದ್ದ ಕುಡಗೋಲು ಹಾರಿ ಬಂದು ನನ್ನ ಪಾದದ ಬೆರಳಿನಿಂದ ನಾಲ್ಕು ಅಂಗುಲ ಆಚೆ ಮಣ್ಣಿಗೆ ಕಚ್ಚಿತು. ಎಸೆದನೋ, ಎಡಗೈಯಿಂದ ಜಾರಿತೋ, ನಾನು ಕೇಳಲಿಲ್ಲ. ಅದನ್ನು ಕಿತ್ತು, ಹಿಡಿಯ ಕಡೆ ಅವನಿಗೆ ಬರುವಂತೆ ಹಿಡಿದೆ. ಬಹಳ ಹೊತ್ತು ಹಿಡಿದು ನಿಂತೆ. ಕೊನೆಗೆ ಅವನು ತಗೊಂಡು ಮುಂದಿನ ದಂಟಿಗೆ ಮೊಣಕಾಲು ಒತ್ತಿದ.